ವಜ್ರಕ್ಕೆ ಬಣ್ಣ ಕಟ್ಟುವ ಬಗೆ: ಬಳಕೆದಾರರ ಕೈಪಿಡಿ



ಬಣ್ಣದ ವಜ್ರವನ್ನು ತಾವೇ ತಯಾರಿಸಿಕೊಳ್ಳಬೇಕೆಂದಿರುವವರಿಗೆ, ಅಂಗಡಿಗೆ ಹೋಗಿ ಕೊಳ್ಳುವವರಿಗೆ ಮತ್ತು ಎರಡೂ ಕೈಲಾಗದೆ ಗಾಜಿನ ಈಚೆ ನಿಂತು ನೋಡುವವರಿಗೆ ಈ ಕೈಪಿಡಿ ಒಂದೇ ಸಮ ಉಪಯುಕ್ತ. ದಯವಿಟ್ಟು ಪೂರ್ತಿ ಓದಿದ ಮೇಲೆಯೇ ಹರಳನ್ನು ಮುಟ್ಟಿ. ಓದದೆ ಮುಟ್ಟಿದವರೇ ಇದುವರೆಗೆ ಹೆಚ್ಚು. ಅವರಲ್ಲಿ ಹಲವರು ರಾಜರು.

ಅಳವಡಿಕೆ

ಮೊದಲು ಬಣ್ಣವಿಲ್ಲದ ವಜ್ರವೊಂದನ್ನು ಸಿದ್ಧಪಡಿಸಿಕೊಳ್ಳಿ. ಬೇಕಾಗುವ ಸಾಮಗ್ರಿ ಇಂಗಾಲ ಒಂದೇ. ಜಾಗ ಮಾತ್ರ ಸ್ವಲ್ಪ ಕೆಳಗಿದೆ. ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು ದೂರವನ್ನು ನೆಟ್ಟಗೆ ಪಾತಾಳದ ಕಡೆಗೆ ಇಳಿಯಿರಿ, ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ. 150ರಿಂದ 200 ಕಿಲೋಮೀಟರ್ ಆಳದಲ್ಲಿ, ಪುರಾತನ ಖಂಡಗಳ ಬುಡದಲ್ಲಿ, 900ರಿಂದ 1,300 ಡಿಗ್ರಿ ಸೆಲ್ಸಿಯಸ್ ಕಾವು ಇರುತ್ತದೆ. ಒತ್ತಡ ನಮ್ಮ ನೆತ್ತಿಯ ಮೇಲಿನ ಗಾಳಿಯದಕ್ಕಿಂತ ಸುಮಾರು 50,000 ಪಟ್ಟು. ಇಂಗಾಲವನ್ನು ಅಲ್ಲಿಟ್ಟು ಕಾಯಿರಿ. ಇವತ್ತು ಕಿವಿ, ಮೂಗುಗಳ ಮೇಲಿರುವ ಹರಳುಗಳಲ್ಲಿ ಬಹುಪಾಲಿನ ವಯಸ್ಸು 100 ಕೋಟಿಯಿಂದ 350 ಕೋಟಿ ವರ್ಷ. ಹಾಗಾಗಿ ಮಗಳ ಮದುವೆ ಗೊತ್ತಾದ ಮೇಲೆ ಈ ಕೆಲಸ ಶುರುಮಾಡಿದರೆ ಪ್ರಯೋಜನವಿಲ್ಲ.

ಕೆಳಗೆ ಎಷ್ಟು ತಾಳ್ಮೆ ಬೇಕೋ ಮೇಲೆ ತರುವಾಗ ಅಷ್ಟೇ ಅವಸರ ಬೇಕು. ಕಿಂಬರ್ಲೈಟ್ ಎಂಬ ಜಾತಿಯ ಶಿಲಾರಸ ಉಕ್ಕಿ ಬರುವಾಗ ಅದರ ಜತೆ ಹತ್ತಿಕೊಂಡು ಬನ್ನಿ. ದಾರಿಯಲ್ಲಿ ಎಲ್ಲಾದರೂ ಬಿಸಿಯಲ್ಲಿ ತಂಗಿದರೆ ವಜ್ರ ಗ್ರಾಫೈಟ್ ಆಗಿ, ನಿಮ್ಮ ಕೈಯಲ್ಲಿ ಉಳಿಯುವುದು ಪೆನ್ಸಿಲ್ ಕಡ್ಡಿಯ ಸಾಮಾನು.

ಹೀಗೆ ಬಂದ ಹರಳು ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇರುವುದಿಲ್ಲ. ಪ್ರತಿ ಇಂಗಾಲದ ಪರಮಾಣುವೂ ನಾಲ್ಕು ನೆರೆಯವರ ಕೈಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಅಲ್ಲಿಂದ ಒಂದು ಇಲೆಕ್ಟ್ರಾನನ್ನು ಬಿಡಿಸಿ ಮೇಲಕ್ಕೆಬ್ಬಿಸಲು 5.5 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ನಮಗೆ ಕಾಣುವ ಬೆಳಕಿನಲ್ಲಿ ಅತಿ ಬಲಶಾಲಿಯಾದ ನೇರಳೆಯ ಬಳಿಯೂ ಇರುವುದು 3ಕ್ಕೆ ತುಸು ಮೇಲೆ. ಹಾಗಾಗಿ ಕೆಂಪಿನಿಂದ ನೇರಳೆಯವರೆಗೆ ಯಾವ ಬೆಳಕನ್ನೂ ಹರಳು ತಡೆಯುವುದಿಲ್ಲ, ಎಲ್ಲವೂ ಸುಂಕ ಕಟ್ಟದೆ ದಾಟಿಹೋಗುತ್ತವೆ. ಬಣ್ಣ ಬೇಕೆಂದರೆ ಕಟ್ಟೋಣದಲ್ಲಿ ಏನಾದರೊಂದು ಎಡವಟ್ಟು ಆಗಲೇಬೇಕು. ಆ ಎಡವಟ್ಟುಗಳನ್ನು ಕ್ರಮಬದ್ಧವಾಗಿ ಮಾಡುವುದು ಹೇಗೆ ಎಂಬುದೇ ಮುಂದಿನ ಭಾಗ.

ಹಳದಿ

ಇದು ಅತಿ ಸುಲಭ, ಬೇಡವೆಂದರೂ ಬರುತ್ತದೆ. ಮೂಲಧಾತುಗಳ ಪಟ್ಟಿಯಲ್ಲಿ ಇಂಗಾಲದ ಪಕ್ಕದ ಮನೆ ಸಾರಜನಕದ್ದು. ಗಾತ್ರವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಕಟ್ಟಡ ಏಳುವಾಗ ಇಂಗಾಲದ ಜಾಗದಲ್ಲಿ ಅದು ಸದ್ದಿಲ್ಲದೆ ಬಂದು ಕೂತುಬಿಡುತ್ತದೆ. ನೆಲದಿಂದ ತೆಗೆದ ವಜ್ರಗಳಲ್ಲಿ ಬಹುಪಾಲು ಎಲ್ಲದರಲ್ಲೂ ಅಷ್ಟಿಷ್ಟು ಸಾರಜನಕ ಇದ್ದೇ ಇದೆ. ಇಂಗಾಲಕ್ಕಿಂತ ಅದರ ಬಳಿ ಒಂದು ಇಲೆಕ್ಟ್ರಾನ್ ಹೆಚ್ಚು. ಈ ಹೆಚ್ಚುವರಿ ಇಲೆಕ್ಟ್ರಾನ್ ನೀಲಿ, ನೇರಳೆ ಬೆಳಕನ್ನು ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಹಳದಿ.

ಎಷ್ಟು ಸಾರಜನಕ ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ಅದು ಹೇಗೆ ಕೂತಿದೆ ಎಂದು. ಒಂಟೊಂಟಿಯಾಗಿ ಕೂತಿದ್ದರೆ ಹತ್ತು ಲಕ್ಷ ಇಂಗಾಲದ ನಡುವೆ ಕೆಲವೇ ಕೆಲವು ಸಾಕು, ಹರಳು ಗಾಢ ಹಳದಿಗೆ ತಿರುಗುತ್ತದೆ. ವ್ಯಾಪಾರದಲ್ಲಿ ಅದಕ್ಕೆ ಕ್ಯಾನರಿ ಎನ್ನುತ್ತಾರೆ. ಆದರೆ ಆ ಆಳದ ಕಾವಿನಲ್ಲಿ ಸಾರಜನಕ ಕೂತಲ್ಲಿ ಕೂರುವುದಿಲ್ಲ. ಕೋಟ್ಯಂತರ ವರ್ಷ ಒಂದೊಂದೇ ಹೆಜ್ಜೆ ಜರುಗಿ ಜೊತೆ ಹುಡುಕಿಕೊಳ್ಳುತ್ತದೆ. ಮೊದಲು ಎರಡೆರಡು ಸೇರುತ್ತವೆ, ಮುಂದೆ ನಾಲ್ಕು ಸೇರಿ ಒಂದು ಖಾಲಿ ಜಾಗವನ್ನು ಸುತ್ತುವರಿಯುತ್ತವೆ. ಹೀಗೆ ಸಂಸಾರಸ್ಥವಾದ ಸಾರಜನಕಕ್ಕೆ ಬಣ್ಣವಿಲ್ಲ. ನಡುವೆ ಒಂದು ಮೂವರ ಗುಂಪೂ ಆಗುತ್ತದೆ: ಒಂದು ಖಾಲಿ ಜಾಗ, ಸುತ್ತ ಮೂರು ಸಾರಜನಕ. ಇದು 415 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕನ್ನು ಹೀರಿಕೊಂಡು ಹರಳಿಗೆ ತೆಳುಹಳದಿ ಛಾಯೆ ಕೊಡುತ್ತದೆ. ಈ 415ನ್ನು ದಯವಿಟ್ಟು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಬೆಂಗಳೂರಿನ ಮಾತು ಬಂದಾಗ ಬೇಕಾಗುತ್ತದೆ.

ಕ್ಯಾನರಿ ಅಪರೂಪವಾಗಿರುವುದು ಈ ಕಾರಣಕ್ಕೆ. ನೆಲದ ವಜ್ರಗಳಲ್ಲಿ ಸಾವಿರಕ್ಕೊಂದೂ ಅಂಥದ್ದಿಲ್ಲ. ತೆಳುಹಳದಿ ಬೇಕಾದಷ್ಟು. 1860ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕಿ, ಅದುವರೆಗೆ ಭಾರತ, ಬ್ರೆಜಿಲ್‌ಗಳ ಸರಕನ್ನೇ ನಂಬಿಕೊಂಡಿದ್ದ ಪೇಟೆಗೆ ರಾಶಿ ರಾಶಿ ಹರಳು ಬಂದು ಬಿದ್ದವು. ಅವುಗಳಲ್ಲಿ ಬಹಳಷ್ಟಕ್ಕೆ ಹಳದಿ ಛಾಯೆ ಇತ್ತು. ಅಂಥ ಕಲ್ಲಿಗೆ ವ್ಯಾಪಾರಿಗಳು ‘ಕೇಪ್’ ಎಂದು ಹೆಸರಿಟ್ಟು ಬೆಲೆ ಇಳಿಸಿದರು. ಅಮೆರಿಕದ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ 1953ರಲ್ಲಿ ಇಂಗ್ಲಿಷ್ ಅಕ್ಷರಗಳ ಏಣಿ ಕಟ್ಟಿತು. ಮೇಲಿನ ಮೆಟ್ಟಿಲು ಡಿ, ಅಂದರೆ ಬಣ್ಣವೇ ಇಲ್ಲ. ಕೆಳಗಿನದು ಝೆಡ್, ಅಂದರೆ ತೆಳುಹಳದಿ ಅಥವಾ ತೆಳುಕಂದು ಎದ್ದು ಕಾಣುತ್ತದೆ. ಎ, ಬಿ, ಸಿಗಳನ್ನು ಅಂಗಡಿಯವರು ಅಷ್ಟರಲ್ಲಾಗಲೇ ಎ, ಡಬಲ್ ಎ, ತ್ರಿಬಲ್ ಎ ಎಂದು ಉಜ್ಜಿ ಉಜ್ಜಿ ಸವೆಸಿದ್ದರು. ಆ ಮೈಲಿಗೆ ಅಂಟದಿರಲೆಂದು ಡಿಯಿಂದ ಆರಂಭ. ಹಾಗಾಗಿ ಡಿ ಬಂದಿದೆ ಎಂದು ಮನೆಮಂದಿಗೆಲ್ಲ ಸಿಹಿ ಹಂಚಬಹುದಾದ ಪರೀಕ್ಷೆ ಜಗತ್ತಿನಲ್ಲಿ ಇದೊಂದೇ.

ಡಿಗೂ ಇ ಅಕ್ಷರಕ್ಕೂ ಇರುವ ವ್ಯತ್ಯಾಸ ಕೊಂಡವರಿಗೆ ಕಾಣುವುದಿಲ್ಲ, ಕೊಂಡವರ ನಾದಿನಿಗೂ ಕಾಣುವುದಿಲ್ಲ. ಬೆಲೆಪಟ್ಟಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಅಂಗಡಿಯಲ್ಲಿ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

‘ಇದ್ಯಾಕೆ ಸ್ವಲ್ಪ ಹಳದಿ ಹೊಡೀತಿದೆ?’

‘ಹಳದಿ ಅಲ್ಲಮ್ಮ, ಕ್ರೀಂ. ಚಿನ್ನದಲ್ಲಿ ಕಟ್ಟಿದ ಮೇಲೆ ಗೊತ್ತೇ ಆಗಲ್ಲ.’

‘ಮತ್ತೆ ಇದು? ಇದು ಪೂರ್ತಿ ಹಳದಿ, ಅರಿಶಿನ ಇದ್ದಹಾಗಿದೆ!’

‘ಅದು ಫ್ಯಾನ್ಸಿ ಅಮ್ಮ. ಅದರ ರೇಟೇ ಬೇರೆ.’

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಏಣಿಯಲ್ಲಿ ಡಿಯಿಂದ ಇಳಿಯುತ್ತ ಹೋದಂತೆ ಪ್ರತಿ ಅಕ್ಷರಕ್ಕೂ ಬೆಲೆ ಕುಸಿಯುತ್ತದೆ. ಝೆಡ್ ಎಂಬ ಹೊಸಿಲು ದಾಟಿದ್ದೇ ತಡ ಅದೇ ಹಳದಿಗೆ ಫ್ಯಾನ್ಸಿ, ಇಂಟೆನ್ಸ್, ವಿವಿಡ್ ಎಂದು ಬಿರುದುಗಳು ಸೇರಿ ಬೆಲೆ ಮತ್ತೆ ಏರುತ್ತದೆ. ಅಲ್ಪ ಸ್ವಲ್ಪ ಹಳದಿ ದೋಷ, ಧಾರಾಳವಾದ ಹಳದಿ ಗುಣ. ನಡುವೆ ಎಲ್ಲೋ ಒಂದು ಕಡೆ ಬೇಡವಾದದ್ದು ಬೇಕಾದದ್ದಾಗುತ್ತದೆ. ಆ ಗೆರೆ ಎಳೆದವರು ಭೂಗರ್ಭದಲ್ಲಿರಲಿಲ್ಲ ಎಂದಷ್ಟೇ ಈ ಕೈಪಿಡಿ ಹೇಳಬಲ್ಲದು.

ನೀಲಿ

ಪಟ್ಟಿಯಲ್ಲಿ ಇಂಗಾಲದ ಇನ್ನೊಂದು ಪಕ್ಕದ ಮನೆ ಬೋರಾನ್. ಇದರ ಬಳಿ ಒಂದು ಇಲೆಕ್ಟ್ರಾನ್ ಕಡಿಮೆ. ಈ ಕೊರತೆ ಕೆಂಪು ಬೆಳಕನ್ನು ಎಳೆದುಕೊಳ್ಳುತ್ತದೆ, ಹರಳು ನೀಲಿಯಾಗುತ್ತದೆ. ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಹಾಕಿದರೂ ನಡೆಯುತ್ತದೆ. ಷರತ್ತು ಎಂದರೆ ಸಾರಜನಕ ಇರಬಾರದು. ಇದ್ದರೆ ಅದರ ಹೆಚ್ಚುವರಿ ಇಲೆಕ್ಟ್ರಾನ್ ಬೋರಾನಿನ ಕೊರತೆಯನ್ನು ತುಂಬಿ ಲೆಕ್ಕ ಚುಕ್ತಾ ಮಾಡಿಬಿಡುತ್ತದೆ.

ತಯಾರಿಕೆಯ ಜಾಗವೂ ಬೇರೆ. ಮೈಸೂರು ದೂರ ಸಾಲದು. ನೀಲಿ ವಜ್ರಗಳೊಳಗೆ ಸಿಕ್ಕಿಕೊಂಡ ಖನಿಜದ ಚೂರುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಇವು 660 ಕಿಲೋಮೀಟರಿಗೂ ಕೆಳಗೆ ಹುಟ್ಟಿದಂಥವು. ಬೋರಾನ್ ಇರುವುದು ಹೆಚ್ಚಾಗಿ ಮೇಲಿನ ತೊಗಟೆಯಲ್ಲಿ, ಸಮುದ್ರದ ನೀರಿನಲ್ಲಿ. ಅಷ್ಟು ಕೆಳಗೆ ಅದು ಹೇಗೆ ಇಳಿಯಿತು? ಸಾಗರತಳದ ಬಂಡೆ ಒಂದರಡಿ ಒಂದು ಜಾರಿ ಮುಳುಗುವಾಗ ಜತೆಗೆ ಹೊತ್ತೊಯ್ದಿರಬೇಕು ಎಂದು ಆ ಸಂಶೋಧಕರು ಸೂಚಿಸಿದ್ದಾರೆ. ನೀಲಿ ಬೇಕಾದವರು ಮೊದಲು ಒಂದು ಸಮುದ್ರವನ್ನು ಹೂಳಬೇಕು.

ಮಾದರಿಗಾಗಿ ಹೋಪ್ ವಜ್ರ ನೋಡಬಹುದು. ಕೃಷ್ಣಾ ತೀರದ ಕೊಲ್ಲೂರು ಗಣಿಯದೆಂದು ನಂಬಲಾದ ಕಲ್ಲನ್ನು ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಒಯ್ದು 1668ರಲ್ಲಿ ದೊರೆ 14ನೇ ಲೂಯಿಗೆ ಮಾರಿದ. ದೊರೆ ಅದನ್ನು ಕೊರೆಸಿ ಚಿಕ್ಕದು ಮಾಡಿಸಿದ. 1792ರಲ್ಲಿ, ಕ್ರಾಂತಿಯ ಗದ್ದಲದಲ್ಲಿ, ಕಳ್ಳರು ಕದ್ದರು. ಮತ್ತೆ ಕಾಣಿಸಿಕೊಂಡಾಗ ಅದು ಇನ್ನೂ ಚಿಕ್ಕದಾಗಿತ್ತು, ಈಗ 45.52 ಕ್ಯಾರೆಟ್. 1958ರಲ್ಲಿ ಹ್ಯಾರಿ ವಿನ್‌ಸ್ಟನ್ ಎಂಬ ವ್ಯಾಪಾರಿ ಅದನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ದಾನ ಕೊಟ್ಟ. ಕಳಿಸಿದ್ದು ರಿಜಿಸ್ಟರ್ಡ್ ಪೋಸ್ಟಿನಲ್ಲಿ.

ಎಚ್ಚರಿಕೆ: ಬೋರಾನ್ ಸೇರಿದ ವಜ್ರದಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಲದೆ ಹೋಪ್ ವಜ್ರದ ಮೇಲೆ ಅತಿನೇರಳೆ ಬೆಳಕು ಹಾಯಿಸಿ ದೀಪ ಆರಿಸಿದರೆ ಅದು ಕತ್ತಲಲ್ಲಿ ಒಂದಿಷ್ಟು ಹೊತ್ತು ಕೆಂಡದಂತೆ ಕೆಂಪಗೆ ಹೊಳೆಯುತ್ತದೆ. ಇದು ತಾಂತ್ರಿಕ ದೋಷವಲ್ಲ. ಮಂತ್ರವಾದಿಯನ್ನು ಕರೆಯುವ ಅಗತ್ಯವಿಲ್ಲ.

ಹಸಿರು

ಸಿದ್ಧವಾದ ಬಿಳಿ ಹರಳನ್ನು ಯುರೇನಿಯಂ ಇರುವ ಬಂಡೆ ಅಥವಾ ಅಂತರ್ಜಲದ ಪಕ್ಕ ಇಟ್ಟು ಮರೆತುಬಿಡಿ. ವಿಕಿರಣ ತಗುಲಿ ಇಂಗಾಲದ ಪರಮಾಣುಗಳು ಅಲ್ಲಲ್ಲಿ ಜಾಗ ಬಿಟ್ಟೇಳುತ್ತವೆ. ಖಾಲಿಯಾದ ಜಾಗಗಳು ಕೆಂಪು ಬೆಳಕನ್ನು ಹೀರುತ್ತವೆ, ಹಸಿರು ಉಳಿಯುತ್ತದೆ. ಕಷ್ಟವೇನೆಂದರೆ ಆಲ್ಫಾ ಕಣಗಳು ಬಹಳ ಒಳಗೆ ಹೋಗಲಾರವು. ಹಸಿರು ಚರ್ಮಕ್ಕೆ ಮಾತ್ರ ಹತ್ತಿರುತ್ತದೆ, ಸಾಣೆ ಹಿಡಿದರೆ ಹೋಯಿತು. ಬೆಸುಗೆಗೆ ಕೂತ ಅಕ್ಕಸಾಲಿಗರು ಉರಿಯನ್ನು ಹತ್ತಿರ ತಂದರಂತೂ ಹಸಿರು ಕಂದಾಗಿ ತಿರುಗುತ್ತದೆ.

ಒಳತನಕ ಹಸಿರಾದದ್ದು ಅತಿ ವಿರಳ. ಜರ್ಮನಿಯ ಡ್ರೆಸ್ಡನ್ನಿನಲ್ಲಿರುವ 41 ಕ್ಯಾರೆಟ್ಟಿನ ಹರಳು ಅಂಥದ್ದು. 2019ರ ನವೆಂಬರಿನಲ್ಲಿ ಅಲ್ಲಿನ ಖಜಾನೆಗೆ ಕಳ್ಳರು ನುಗ್ಗಿದಾಗ ಅದು ಪ್ರದರ್ಶನಕ್ಕೆಂದು ನ್ಯೂಯಾರ್ಕಿಗೆ ಹೋಗಿತ್ತು. ಆತುರಗಾರರಿಗೆ ವಿಲಿಯಂ ಕ್ರೂಕ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ 20ನೇ ಶತಮಾನದ ಆರಂಭದಲ್ಲೇ ಅಡ್ಡದಾರಿ ತೋರಿಸಿದ್ದಾನೆ: ವಜ್ರವನ್ನು ರೇಡಿಯಂ ಲವಣದಲ್ಲಿ ತಿಂಗಳುಗಟ್ಟಲೆ ಹೂತಿಟ್ಟ. ಹಸಿರು ಬಂತು, ಜತೆಗೆ ವಿಕಿರಣವೂ ಉಳಿಯಿತು. ಉಂಗುರದಿಂದ ಬೆರಳಿಗೆ ಶೋಭೆ ಬರಬೇಕೇ ಹೊರತು ಬೆರಳೇ ಹೋಗುವಂತಾಗಬಾರದು. ಕ್ರೂಕ್ಸ್ ಕ್ರಮವನ್ನು ನಾವು ಶಿಫಾರಸು ಮಾಡುವುದಿಲ್ಲ.

ಗುಲಾಬಿ ಮತ್ತು ಕಂದು

ಇದಕ್ಕೆ ಏನನ್ನೂ ಬೆರೆಸಬೇಕಿಲ್ಲ, ತಿರುಚಿದರೆ ಸಾಕು. ಖಂಡಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗದ ಕೆಳಗೆ ಹರಳನ್ನಿಟ್ಟರೆ ಪದರಗಳು ಜರುಗಿ ಒಳಗಿನ ಕಟ್ಟು ಸೊಟ್ಟಗಾಗುತ್ತದೆ. ಹದವಾಗಿ ತಿರುಚಿದರೆ ಗುಲಾಬಿ, ಕೈಮೀರಿದರೆ ಕಂದು. ಭೂಮಿಯ ಕೈ ಬಹುತೇಕ ಮೀರಿಯೇ ಇರುತ್ತದೆ. ಜಗತ್ತಿನ ಗುಲಾಬಿ ವಜ್ರಗಳಲ್ಲಿ ನೂರಕ್ಕೆ ತೊಂಬತ್ತು ಬಂದದ್ದು ಪಶ್ಚಿಮ ಆಸ್ಟ್ರೇಲಿಯದ ಆರ್ಗೈಲ್ ಎಂಬ ಒಂದೇ ಗಣಿಯಿಂದ. ಆ ಗಣಿಯಲ್ಲಿ ಸಿಕ್ಕ ಮಾಲಿನಲ್ಲೂ ಗುಲಾಬಿ ಸಾವಿರಕ್ಕೆ ಒಂದರಷ್ಟೂ ಇರಲಿಲ್ಲ, ರಾಶಿ ಬಿದ್ದದ್ದು ಕಂದು. ಸುಮಾರು 130 ಕೋಟಿ ವರ್ಷಗಳ ಹಿಂದೆ ನೂನಾ ಎಂಬ ಮಹಾಖಂಡ ಬಿರಿಯುವಾಗ ಬಿಟ್ಟ ಸಂದಿಯಲ್ಲಿ ಅವು ಮೇಲೆ ಬಂದವೆಂದು 2023ರ ಅಧ್ಯಯನವೊಂದು ಹೇಳಿತು. 2020ರಲ್ಲಿ ಗಣಿಗೆ ಬೀಗ ಬಿತ್ತು. ಈ ಮಾದರಿಯ ಬಿಡಿಭಾಗಗಳಿಗಾಗಿ ವಿಚಾರಿಸಬೇಡಿ.

ಬೆಲೆಯ ಅಂದಾಜು ಬೇಕೆನ್ನುವವರಿಗೆ: ‘ಪಿಂಕ್ ಸ್ಟಾರ್’ ಎಂಬ 59.60 ಕ್ಯಾರೆಟ್ಟಿನ ಹರಳು 2017ರಲ್ಲಿ ಹಾಂಗ್‌ಕಾಂಗಿನಲ್ಲಿ 7.1 ಕೋಟಿ ಡಾಲರಿಗೆ ಹರಾಜಾಯಿತು. ಕಂದು ಹರಳುಗಳನ್ನು ಬಹುಕಾಲ ಕೊರೆಯುವ ಯಂತ್ರಗಳ ಮೂತಿಗೆ ಹಾಕುತ್ತಿದ್ದರು. ಆರ್ಗೈಲಿನವರಿಗೆ ಅಷ್ಟೊಂದು ಕಂದು ಏನು ಮಾಡುವುದೆಂದು ಯೋಚನೆಯಾಯಿತು. ಶಾಂಪೇನ್, ಕೊನ್ಯಾಕ್ ಎಂದು ಹೆಸರಿಟ್ಟರು, ಮಾರಾಟವಾಯಿತು. ಬಣ್ಣ ಬದಲಿಸುವ ಉಪಕರಣಗಳಲ್ಲಿ ಅತಿ ಅಗ್ಗದ್ದು ಹೆಸರು.

ಉಳಿದವು

ಕೆಂಪನ್ನು ಮಾಡಲು ಹೋಗಬೇಡಿ. ಗುಲಾಬಿಯೇ ಮಿತಿಮೀರಿ ಗಾಢವಾದದ್ದು ಅದು, ಬೆರಳೆಣಿಕೆಯಷ್ಟು ದೊಡ್ಡ ಹರಳುಗಳಿವೆ. 1987ರಲ್ಲಿ 95 ಸೆಂಟಿನ, ಅಂದರೆ ಒಂದು ಕ್ಯಾರೆಟ್ಟೂ ತುಂಬದ ಹ್ಯಾನ್‌ಕಾಕ್ ಎಂಬ ಕೆಂಪು ಹರಳು 8,80,000 ಡಾಲರಿಗೆ ಹೋಯಿತು. ಕಪ್ಪಿಗೆ ಒಳಗೆ ಗ್ರಾಫೈಟಿನಂಥ ಕಸ ತುಂಬಿದರಾಯಿತು. ಊಸರವಳ್ಳಿ ಎಂಬ ಜಾತಿಯ ಹರಳೂ ಇದೆ: ಹಸಿರು ಛಾಯೆಯದು, ಕತ್ತಲೆಯ ಪೆಟ್ಟಿಗೆಯಲ್ಲಿ ಕೆಲಕಾಲ ಇಟ್ಟು ತೆಗೆದರೆ ಅಥವಾ ಬಿಸಿ ಮಾಡಿದರೆ ಹಳದಿಯಾಗಿ ಕಂಡು, ಆಮೇಲೆ ನಿಧಾನಕ್ಕೆ ಹಸಿರಿಗೆ ಮರಳುತ್ತದೆ. ಲಾಕರಿನಿಂದ ತೆಗೆದ ತಕ್ಷಣ ಬ್ಯಾಂಕಿನವರ ಮೇಲೆ ದೂರು ಕೊಡಬೇಡಿ. ಸ್ವಲ್ಪ ಹೊತ್ತು ತಡೆಯಿರಿ.

ಬಣ್ಣ ನೋಡುವ ಕ್ರಮ

ಇಲ್ಲಿ ನಮ್ಮ ದೇಶದ ಅನುಭವ ದೊಡ್ಡದು. ಕೌಟಿಲ್ಯನ ‘ಅರ್ಥಶಾಸ್ತ್ರ’ ವಜ್ರದ ಬಣ್ಣಗಳನ್ನು ಪಟ್ಟಿಮಾಡುತ್ತದೆ: ಬೆಕ್ಕಿನ ಕಣ್ಣಿನದು, ಬಾಗೆ ಹೂವಿನದು, ಗೋಮೂತ್ರದ್ದು, ಸ್ಫಟಿಕದ್ದು, ಹೀಗೆ. ಖಜಾನೆಗೆ ಬಂದ ಮಾಲನ್ನು ಎಣಿಸಿಕೊಳ್ಳುವ ಅಧಿಕಾರಿಗೆ ಬರೆದದ್ದಾದ್ದರಿಂದ ನಾಚಿಕೆ ಇಲ್ಲ. ಇವತ್ತಿನ ಯಾವ ಶೋರೂಮೂ ಮೂರನೆಯ ಹೆಸರನ್ನು ಬೋರ್ಡಿನ ಮೇಲೆ ಬರೆಸಿಲ್ಲ, ಶಾಂಪೇನ್ ಎಂದು ಬರೆಸಿದೆ. ಆರನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇನ್ನೂ ಮುಂದೆ ಹೋಗಿ ಹಂಚಿಕೆಯನ್ನೇ ಮಾಡಿಟ್ಟ: ಬಿಳಿ ಬ್ರಾಹ್ಮಣರಿಗೆ, ಕೆಂಪು ಮತ್ತು ಹಳದಿ ಅರಸರಿಗೆ, ಬಾಗೆ ಹೂವಿನ ಬಣ್ಣ ವೈಶ್ಯರಿಗೆ, ಕತ್ತಿಯ ಬಣ್ಣ ಶೂದ್ರರಿಗೆ. ಇಂಗಾಲಕ್ಕೂ ಜಾತಿ ಹಚ್ಚಿದ ಕೀರ್ತಿ ನಮ್ಮದು. ಡಿಯಿಂದ ಝೆಡ್‌ವರೆಗಿನ ಏಣಿ ಇದಕ್ಕಿಂತ ಎಷ್ಟು ಬೇರೆ ಎಂದು ಕೇಳಿದರೆ ಅಂಗಡಿಯವರು ಕಾಫಿ ತರಿಸುತ್ತಾರೆ.

ನೋಡುವ ವಿಧಾನಕ್ಕೆ ಮತ್ತೆ ತಾವೆರ್ನಿಯೆಯನ್ನೇ ನೆಚ್ಚಬಹುದು. 17ನೇ ಶತಮಾನದಲ್ಲಿ ಗೋಲ್ಕೊಂಡದ ಗಣಿಗಳನ್ನು ಸುತ್ತಿದ ಆತ ಬರೆದಿಟ್ಟದ್ದರ ಸಾರ ಇದು: ಯುರೋಪಿನವರು ಒರಟು ಹರಳನ್ನು ಹಗಲ ಬೆಳಕಿನಲ್ಲಿ ನೋಡಿದರೆ ಇಲ್ಲಿನವರು ರಾತ್ರಿ ನೋಡುತ್ತಾರೆ. ಗೋಡೆಯಲ್ಲಿ ಒಂದು ಅಡಿ ಚೌಕದ ಗೂಡು ಕೊರೆದು, ದಪ್ಪ ಬತ್ತಿಯ ದೀಪವಿಟ್ಟು, ಬೆರಳ ಸಂದಿಯಲ್ಲಿ ಹರಳು ಹಿಡಿದು ನೋಡಬೇಕು. ನೀಲಿ ಛಾಯೆಯ ಅನುಮಾನವಿದ್ದರೆ ಎಲೆ ದಟ್ಟವಾಗಿರುವ ಮರದ ಕೆಳಗೆ ಹೋಗಿ ನಿಲ್ಲಬೇಕು, ಹಸಿರು ನೆರಳಿನಲ್ಲಿ ಆ ನೀಲಿ ಬಯಲಾಗುತ್ತದೆ. ಇಂದಿನ ಪ್ರಯೋಗಾಲಯದಲ್ಲಿ ಮರವಿಲ್ಲ. ಬಿಳಿ ತಟ್ಟೆಯ ಮೇಲೆ ಹರಳನ್ನು ಬೋರಲು ಮಲಗಿಸಿ, ಗೊತ್ತುಮಾಡಿದ ದೀಪದಡಿಯಲ್ಲಿ, ಪಕ್ಕದಲ್ಲಿ ಮೊದಲೇ ಅಕ್ಷರ ಪಡೆದ ಮಾದರಿ ಹರಳುಗಳನ್ನು ಸಾಲಾಗಿಟ್ಟು ಹೋಲಿಸುತ್ತಾರೆ. ಬೋರಲು ಯಾಕೆಂದರೆ ಮುಖ ಮೇಲಿದ್ದರೆ ಥಳುಕಿನಲ್ಲಿ ಹಳದಿ ಮುಚ್ಚಿಹೋಗುತ್ತದೆ. ಆದರೆ ಯಾರೂ ವಜ್ರವನ್ನು ಬೋರಲು ಹಾಕಿಕೊಂಡು ಮದುವೆಗೆ ಹೋಗುವುದಿಲ್ಲ. ದರ್ಜೆ ನೋಡುವುದು ಬೆನ್ನಿನ ಕಡೆಯಿಂದ, ಜನ ನೋಡುವುದು ಮುಖದ ಕಡೆಯಿಂದ. ಐ, ಜೆ ಅಕ್ಷರದ ಹರಳು ಕೊಂಡು ಉಳಿದ ದುಡ್ಡನ್ನು ಬೇರೆಯದಕ್ಕೆ ಬಳಸಿ ಎನ್ನುವ ಬುದ್ಧಿವಂತ ಅಂಗಡಿಯವರು ಇದ್ದಾರೆ. ಅವರ ವಿಳಾಸವನ್ನು ನಾವು ಪ್ರಕಟಿಸುವಂತಿಲ್ಲ.

ನಮ್ಮ ಕಡೆಯ ಹಳೆಯ ಏಳು ಹರಳಿನ ಬೆಂಡೋಲೆಗೆ ಈ ತಟ್ಟೆಯ ಪರೀಕ್ಷೆ ನಡೆಯುವುದಿಲ್ಲ. ಹಿಂಬದಿ ಮುಚ್ಚಿ ಕಟ್ಟಿರುತ್ತಾರೆ, ಹರಳಿನ ಬೆನ್ನೇ ಕಾಣುವುದಿಲ್ಲ. ಬಿಚ್ಚದೆ ಬಣ್ಣ ಹೇಳುತ್ತೇನೆ ಎನ್ನುವವರ ಧೈರ್ಯವನ್ನು ಮೆಚ್ಚಬಹುದು, ಮಾತನ್ನು ನಂಬಬೇಕಿಲ್ಲ. ಇಂಥ ಓಲೆಗಳಿಗೆ ದಕ್ಷಿಣ ಭಾರತದವರು ಬಯಸುತ್ತಿದ್ದುದು ‘ಬ್ಲೂ ಜಾಗರ್’ ಹರಳು, ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು. ಬಿಸಿಲಿಗೆ ಹಿಡಿದರೆ ತುಸು ನೀಲಿ ಹೊಡೆಯುವುದು ಅದರ ಗುಣ. ಬಿಸಿಲಿನ ಅತಿನೇರಳೆ ಕಿರಣ ತಾಗಿ ಹರಳು ನೀಲಿಯಾಗಿ ಬೆಳಗುತ್ತದೆ, ಹಳದಿ ಛಾಯೆಯನ್ನು ಆ ನೀಲಿ ತಟಸ್ಥಗೊಳಿಸಿ ಹರಳು ಬೆಳ್ಳಗೆ ಕಾಣುತ್ತದೆ. ಅಂತರರಾಷ್ಟ್ರೀಯ ಪೇಟೆ ಇದೇ ನೀಲಿ ಬೆಳಗನ್ನು ದೋಷವೆಂದು ಬೆಲೆ ಇಳಿಸುತ್ತದೆ, ನಮ್ಮ ಅಜ್ಜಿಯರು ಅದಕ್ಕೇ ಹೆಚ್ಚು ಕೊಟ್ಟರು. ನೋಡುವವರ ಕಣ್ಣಿಗೆ ಅದರಿಂದ ಹಾನಿಯೇನೂ ಕಾಣುವುದಿಲ್ಲ ಎಂದು ಜೆಮಲಾಜಿಕಲ್ ಇನ್‌ಸ್ಟಿಟ್ಯೂಟಿನವರೇ 1997ರಲ್ಲಿ ಪರೀಕ್ಷೆ ಮಾಡಿ ಬರೆದರು. ಗೆದ್ದದ್ದು ಅಜ್ಜಿಯರು. ಬೆಲೆಪಟ್ಟಿ ಮಾತ್ರ ಬದಲಾಗಲಿಲ್ಲ.

ಮೋಸದ ದಾರಿಯೂ ಇದೇ ತತ್ವದ್ದು. ಹಳದಿ ಹರಳಿನ ಅಂಚಿಗೆ ನೇರಳೆ ಶಾಯಿ ಸೋಕಿಸಿದರೆ ಒಂದೆರಡು ಅಕ್ಷರ ಮೇಲೇರುತ್ತದೆ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಇಳಿಯುತ್ತದೆ. ಕೊಳ್ಳುವ ಮೊದಲು ಹರಳನ್ನು ತಲೆದಿಂಬಿನ ಕೆಳಗಿಟ್ಟು ಮಲಗಿ ಆಗಿಬರುತ್ತದೋ ಇಲ್ಲವೋ ಪರೀಕ್ಷಿಸುವ ಮನೆಗಳಲ್ಲಿ, ಮಲಗುವ ಮುಂಚೆ ಒಮ್ಮೆ ಸ್ಪಿರಿಟ್ಟಿನಿಂದಲೂ ಒರೆಸುವ ಪದ್ಧತಿ ಬರಲಿ.

ಪರೀಕ್ಷಾ ವಿಭಾಗ, ಬೆಂಗಳೂರು

1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ 300ರಷ್ಟು ವಜ್ರಗಳಿದ್ದವು. ತೊಡುವುದಕ್ಕಲ್ಲ. ಅವರ ಶಿಷ್ಯರಲ್ಲಿ ಬಹಳಷ್ಟು ಜನ ವಜ್ರ ಅಥವಾ ಮಾಣಿಕ್ಯದ ಮೇಲೆ ದುಡಿದರು. ಅವರಲ್ಲೊಬ್ಬರು ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅನ್ನಾ ಮಣಿ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡಬಂದಾಗ, ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಎಂದ ಹುಡುಗಿ. ದೊಡ್ಡವರಾದ ಮೇಲೆ ರಾಮನ್ ಪ್ರಯೋಗಾಲಯದಲ್ಲಿ ಅದೇ ವಜ್ರಗಳ ಮುಂದೆ ಕೂತರು. ಹರಳನ್ನು ದ್ರವಗಾಳಿಯ ಶೈತ್ಯದಲ್ಲಿಟ್ಟು, ಅದು ಬೀರುವ ಕ್ಷೀಣವಾದ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯಬೇಕು. ಒಂದು ಚಿತ್ರಕ್ಕೆ 15ರಿಂದ 20 ಗಂಟೆ. ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. ನೀಲಿಯಾಗಿ ಬೆಳಗುವ ವಜ್ರಗಳಲ್ಲಿ ಅವರ ಫಲಕದ ಮೇಲೆ ಸ್ಪಷ್ಟವಾಗಿ ಮೂಡಿದ ಗೆರೆ 4152 ಆಂಗ್‌ಸ್ಟ್ರಮ್, ಅಂದರೆ ನೀವು ಬರೆದಿಟ್ಟುಕೊಂಡ 415 ನ್ಯಾನೋಮೀಟರ್. ತೆಳುಹಳದಿ ಕೊಡುವ, ಬಿಸಿಲಲ್ಲಿ ನೀಲಿ ಹೊಡೆಯುವ, ಮೂರು ಸಾರಜನಕದ ಆ ಗುಂಪಿನ ಸಹಿ ಅದು.

ಅದು ಸಾರಜನಕದ್ದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ವಜ್ರದೊಳಗೆ ಸಾರಜನಕ ಇದೆಯೆಂದು ಅಮೆರಿಕದ ಇಬ್ಬರು ವಿಜ್ಞಾನಿಗಳು ತೋರಿಸಿದ್ದು 1959ರಲ್ಲಿ. ಅನ್ನಾ ಮಣಿಯವರ ಪ್ರಬಂಧಗಳು ಪ್ರಕಟವಾದವು, 1945ರಲ್ಲಿ ಪಿಎಚ್‌.ಡಿ.ಗೆ ಮಹಾಪ್ರಬಂಧವನ್ನೂ ಸಲ್ಲಿಸಿದರು. ಎಂ.ಎಸ್ಸಿ. ಆಗಿಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಹರಳಿಗೆ ಸರ್ಟಿಫಿಕೇಟ್ ಕೊಡುವವರು ಆಗಿನ್ನೂ ಅಕ್ಷರ ಹುಡುಕುತ್ತಿದ್ದರು, ಹರಳನ್ನು ಅರಿತವರಿಗೆ ಕೊಡಬೇಕಾದವರು ಅಷ್ಟು ಹೊತ್ತಿಗೆ ನಿಯಮ ಹುಡುಕಿಟ್ಟಿದ್ದರು. ಅನ್ನಾ ಮಣಿ ಹವಾಮಾನ ಇಲಾಖೆ ಸೇರಿ ದೇಶಕ್ಕೆ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಕಟ್ಟಿಕೊಟ್ಟರು. ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ತೊಂದರೆ ಮತ್ತು ಪರಿಹಾರ

ಹರಳು ಕಂದಾಗಿದೆ. ಸಾರಜನಕವಿಲ್ಲದ ಜಾತಿಯದಾದರೆ ಮತ್ತೆ ಒತ್ತಡಕ್ಕೆ ಹಾಕಿ 2,000 ಡಿಗ್ರಿಯ ಆಸುಪಾಸು ಕಾಯಿಸಿದರೆ ಕಂದು ಬಿಟ್ಟುಹೋಗುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿ 1999ರಲ್ಲಿ ಇಂಥ ಹರಳುಗಳನ್ನು ಪೇಟೆಗೆ ತಂದಾಗ ವ್ಯಾಪಾರಿಗಳ ನಿದ್ದೆ ಹೋಯಿತು.

ಯಂತ್ರದಲ್ಲಿ ಬೆಳೆಸಿದ ಹರಳು ಹಳದಿಯಾಗಿದೆ. ಗಾಳಿಯ ಸಾರಜನಕ ನುಗ್ಗಿದೆ, ಜೊತೆ ಹುಡುಕಿಕೊಳ್ಳಲು ಅದಕ್ಕೆ ಕೋಟಿ ವರ್ಷ ಸಿಕ್ಕಿಲ್ಲ, ಒಂಟಿಯಾಗಿ ಕೂತಿದೆ. ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಬೆರೆಸಿ, ಅವು ಸಾರಜನಕವನ್ನು ಹಿಡಿದುಕೊಳ್ಳುತ್ತವೆ. ಹಳದಿಯೇ ಬೇಕಿದ್ದರೆ ಹಾಗೇ ಬಿಡಿ. ಭೂಮಿ ಸಾವಿರಕ್ಕೊಂದೂ ಕೊಡಲಾರದ ಕ್ಯಾನರಿ ಇಲ್ಲಿ ಕೈತಪ್ಪಿನಿಂದ ತಯಾರಾಗುತ್ತದೆ.

ನನ್ನ ಹರಳು ನೆಲದ್ದೋ ಯಂತ್ರದ್ದೋ ತಿಳಿಯುತ್ತಿಲ್ಲ. ಇದು ಇತ್ತೀಚೆಗೆ ಅತಿ ಹೆಚ್ಚು ಬರುವ ದೂರು. ಪರೀಕ್ಷಕರ ಯಂತ್ರಗಳು ಮೊದಲು ಹುಡುಕುವುದು 415ರ ಗೆರೆಯನ್ನು. ಅದು ಇದ್ದರೆ ಸಾರಜನಕ ಕೋಟ್ಯಂತರ ವರ್ಷ ನಡೆದು ಗುಂಪು ಕಟ್ಟಿದೆ ಎಂದು ಅರ್ಥ. ಯಂತ್ರದ ಹರಳಿಗೆ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಗೆರೆ ಇಲ್ಲದ, ಸಾರಜನಕವೇ ಇಲ್ಲದ, ಡಿ ಅಕ್ಷರದ ಶುಭ್ರ ಹರಳನ್ನು ಪಕ್ಕಕ್ಕಿಟ್ಟು ಹೆಚ್ಚಿನ ವಿಚಾರಣೆಗೆ ಕಳಿಸುತ್ತಾರೆ. ಚಿಕ್ಕಪೇಟೆಯಲ್ಲಿ ಯಾವ ಛಾಯೆಗಾಗಿ ಚೌಕಾಸಿ ಮಾಡಿ ಬೆಲೆ ಇಳಿಸಿದಿರೋ ಅದೇ ಈಗ ನಿಮ್ಮ ಹರಳಿನ ಜನ್ಮದಾಖಲೆ. ಇಳಿಸಿದ ದುಡ್ಡನ್ನು ಮರಳಿಸುವಂತೆ ಅಂಗಡಿಯವರು ಕೇಳಿದರೆ ಕೊಡಬೇಕಾಗಿಲ್ಲ.

ವಿಲೇವಾರಿ

ಬೇಡವಾದ ವಜ್ರವನ್ನು ಸುಡಬಹುದು. 1770ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಲಾವೊಸಿಯೆ ದೊಡ್ಡ ಮಸೂರದಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಸುಟ್ಟು ತೋರಿಸಿದ್ದಾನೆ. ಆಮ್ಲಜನಕ ಸಾಕಷ್ಟಿರಲಿ, 700ರಿಂದ 800 ಡಿಗ್ರಿ ಕಾವಿರಲಿ. ಹಳದಿ, ನೀಲಿ, ಗುಲಾಬಿ ಯಾವುದನ್ನು ಸುಟ್ಟರೂ ಬರುವುದು ಬಣ್ಣವಿಲ್ಲದ ಇಂಗಾಲದ ಡೈಆಕ್ಸೈಡ್. ಸರ್ಟಿಫಿಕೇಟನ್ನು ಒಣಕಸಕ್ಕೆ ಹಾಕಿ. ಲ್ಯಾಮಿನೇಷನ್ ಮಾಡಿಸಿದ್ದರೆ ಪಾಲಿಕೆಯವರು ಕಾಗದದ ಜತೆ ತೆಗೆದುಕೊಳ್ಳುವುದಿಲ್ಲ, ಪ್ಲಾಸ್ಟಿಕ್ ಬೇರೆ, ಕಾಗದ ಬೇರೆ ಮಾಡಿ ಕೊಡಿ.